ಹಾಡುಗಾರನ ಹೊಣೆ: ಹೈಟಿಯ ಪದಪರಂಪರೆ ಮತ್ತು ವೈಕ್ಲೆಫ್ ಜೀನ್

ಕೆರಿಬಿಯನ್ ಕಡಲಿನ ಹಿಸ್ಪಾನಿಯೋಲ ದ್ವೀಪದ ಪಶ್ಚಿಮ ಭಾಗದಲ್ಲಿರುವ ಹೈಟಿಯಲ್ಲಿ ಹಾಡುಗಾರಿಕೆ ಬರಿಯ ಮನರಂಜನೆಯಾಗಿ ಉಳಿದ ಕಾಲವೇ ಇಲ್ಲವೆನ್ನಬಹುದು. 1804ರಲ್ಲಿ ಸ್ವತಂತ್ರವಾದ ಈ ದೇಶದ ಆಡಳಿತ, ನ್ಯಾಯಾಲಯ, ಶಾಲೆ ಮತ್ತು ಪತ್ರಿಕೆಗಳು ಒಂದೂಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಬಹುಮಟ್ಟಿಗೆ ಫ್ರೆಂಚ್ ಭಾಷೆಯಲ್ಲಿಯೇ ನಡೆದವು. ಆದರೆ ಜನ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ಆಡುತ್ತಿದ್ದದ್ದು ಕ್ರೆಯೋಲ್, ಅಂದರೆ ಆಫ್ರಿಕದಿಂದ ಗುಲಾಮರಾಗಿ ಬಂದವರು ಕಬ್ಬಿನ ತೋಟಗಳಲ್ಲಿ ಹೆಚ್ಚಾಗಿ ಫ್ರೆಂಚ್ ಪದಗಳನ್ನೇ ಬಳಸಿ ಕಟ್ಟಿಕೊಂಡ, ತನ್ನದೇ ವ್ಯಾಕರಣವುಳ್ಳ ಭಾಷೆ. 1987ರ ಸಂವಿಧಾನವು ಕ್ರೆಯೋಲನ್ನು ಫ್ರೆಂಚಿನ ಸರಿಸಮವಾಗಿ ಅಧಿಕೃತ ಭಾಷೆಯೆಂದು ಒಪ್ಪುವವರೆಗೆ, ಊರಿನ ದಣಿಯ ಅನ್ಯಾಯವನ್ನಾಗಲಿ ರಾಜಧಾನಿಯ ಅಧಿಕಾರಿಯ ದರ್ಪವನ್ನಾಗಲಿ ನಾಲ್ಕು ಜನರ ನಡುವೆ ಎತ್ತಿ ಆಡಲು ಓದುಬರಹವಿಲ್ಲದ ರೈತನಿಗೆ ಇದ್ದ ಮುಖ್ಯ ದಾರಿಯೆಂದರೆ ಹಾಡು. ಹಾಡು ಕಟ್ಟುವವನಿಗೆ ಸಾರ್ವಜನಿಕ ಹೊಣೆಯೊಂದು ತಾನಾಗಿಯೇ ಒದಗಿ ಬಂದದ್ದು ಈ ಕಾರಣದಿಂದ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಜಗತ್ಪ್ರಸಿದ್ಧರಾದ ಹಿಪ್ ಹಾಪ್ ಸಂಗೀತಗಾರ ಹಾಗೂ ಸಮಾಜಸೇವಕ ವೈಕ್ಲೆಫ್ ಜೀನ್ ಅವರ ಏಳುಬೀಳುಗಳನ್ನು ಅಮೆರಿಕದ ಸಂಗೀತೋದ್ಯಮದ ಕಥೆಯಾಗಿ ಓದುವುದಕ್ಕಿಂತ ಈ ಹಳೆಯ ಪರಂಪರೆಯ ಒಂದು ಅಧ್ಯಾಯವಾಗಿ ಓದಿದರೆ ಹೆಚ್ಚು ಅರ್ಥವಾಗುತ್ತವೆ.

ಆ ಪರಂಪರೆಯ ಅತ್ಯಂತ ಜೀವಂತ ರೂಪ ರಾರಾ ಎಂಬ ಮೆರವಣಿಗೆ. ಕಾರ್ನಿವಲ್ ಹಬ್ಬ ಮುಗಿದ ಮೇಲೆ, ಕ್ರೈಸ್ತರ ಉಪವಾಸದ ದಿನಗಳುದ್ದಕ್ಕೂ, ಈಸ್ಟರಿನವರೆಗೆ ಹಳ್ಳಿಗಳಿಂದ ಹೊರಡುವ ರಾರಾ ತಂಡಗಳು ರಾತ್ರಿಯಿಡೀ ಮೈಲಿಗಟ್ಟಲೆ ನಡೆಯುತ್ತವೆ. ಲೆಯೋಗಾನ್ ಪಟ್ಟಣ ಮತ್ತು ಆರ್ತಿಬೊನಿತ್ ಕಣಿವೆ ಇದಕ್ಕೆ ಹೆಸರಾದ ಸ್ಥಳಗಳು. ತಂಡದ ಮುಖ್ಯ ವಾದ್ಯವಾದ ವಕ್ಸಿನ್ ಎಂಬುದು ಬಿದಿರಿನ ಊದುಗೊಳವೆ. ಒಂದೊಂದು ಗೊಳವೆ ಒಂದೊಂದೇ ಸ್ವರವನ್ನು ಹೊರಡಿಸುವುದರಿಂದ, ಹಲವರು ಸರದಿಯಂತೆ ಊದಿದಾಗ ಮಾತ್ರ ರಾಗವೊಂದು ರೂಪುಗೊಳ್ಳುತ್ತದೆ. ಈ ಮೆರವಣಿಗೆಯ ಹಾಡುಗಳಲ್ಲಿ ಪ್ವೆನ್ ಎಂಬ ಬಗೆಯೊಂದಿದೆ: ಯಾರ ಹೆಸರನ್ನೂ ಎತ್ತದೆ, ತಟ್ಟಬೇಕಾದವರಿಗೆ ತಟ್ಟುವಂತೆ ಹೊಸೆದ ಚುಟುಕಾದ, ಮೊನಚಾದ ಪದ. ಸುಂಕ ವಸೂಲಿ ಮಾಡುವವನನ್ನೋ ಮಂತ್ರಿಯನ್ನೋ ಕುರಿತು ಸಾವಿರ ಜನ ಒಟ್ಟಿಗೆ ಹಾಡಿದರೂ, ಇದು ತನ್ನನ್ನು ಕುರಿತದ್ದೆಂದು ಅವನೇ ಒಪ್ಪಿಕೊಳ್ಳದೆ ಯಾರ ಮೇಲೂ ಕ್ರಮ ಜರುಗಿಸಲಾಗದಂತೆ ಅದನ್ನು ಕಟ್ಟಿರುತ್ತಾರೆ. ಕತ್ತಿಯ ಅಧಿಕಾರವಿಲ್ಲದ ಜನ ಕಂಡುಕೊಂಡ ಈ ಕೌಶಲ ಮುಂದಿನ ಎಲ್ಲ ಹೈಟಿಯನ್ ಸಂಗೀತ ಪ್ರಕಾರಗಳಲ್ಲಿಯೂ, ರಾಪ್ ಸಂಗೀತದಲ್ಲಿ ಕೂಡ, ಒಳಹರಿವಾಗಿ ಉಳಿದಿದೆ.

ಹಾಡಿನ ಈ ಶಕ್ತಿಗೆ ಹೈಟಿಯ ಹುಟ್ಟಿನಲ್ಲಿಯೇ ಬೇರಿದೆ. ಸೇಂಟ್ ಡೊಮಿಂಗ್ ಎಂದು ಕರೆಯಲಾಗುತ್ತಿದ್ದ ಫ್ರೆಂಚ್ ವಸಾಹತಿನ ಗುಲಾಮರು 1791ರ ಆಗಸ್ಟಿನಲ್ಲಿ ಬಂಡೆದ್ದಾಗ ಅವರನ್ನು ಒಗ್ಗೂಡಿಸಿದ್ದು ವೋಡು ಧರ್ಮ, ಅಂದರೆ ಪಶ್ಚಿಮ ಮತ್ತು ಮಧ್ಯ ಆಫ್ರಿಕದ ದೈವಾರಾಧನೆಗಳು ದ್ವೀಪದಲ್ಲಿ ಬೆರೆತು ಆದ ಜನಧರ್ಮ. ಅದರ ಶಾಸ್ತ್ರವಿರುವುದು ಗ್ರಂಥದಲ್ಲಲ್ಲ, ಮದ್ದಲೆಯ ಲಯ ಮತ್ತು ಹಾಡುಗಳಲ್ಲಿ. 1804ರ ಜನವರಿ 1ರಂದು ಗೊನಾಯಿವ್ ಪಟ್ಟಣದಲ್ಲಿ ಸ್ವಾತಂತ್ರ್ಯ ಸಾರಿದ ಈ ಜನರಿಗೆ ಜಗತ್ತು ಕೊಟ್ಟ ಉತ್ತರ ಕಠೋರವಾಗಿತ್ತು. ತೋಟಗಳನ್ನೂ ಗುಲಾಮರನ್ನೂ ಕಳೆದುಕೊಂಡ ಫ್ರೆಂಚ್ ಮಾಲೀಕರಿಗೆ ಪರಿಹಾರವಾಗಿ 15 ಕೋಟಿ ಫ್ರಾಂಕ್ ತೆರಬೇಕೆಂದು 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳ ಬೆದರಿಕೆಯೊಡ್ಡಿ ಒಪ್ಪಿಸಿತು. 1838ರಲ್ಲಿ ಮೊತ್ತವನ್ನು 9 ಕೋಟಿಗೆ ಇಳಿಸಿದರೂ, ಅದನ್ನು ತೀರಿಸಲು ಮಾಡಿದ ಸಾಲಗಳ ಕೊನೆಯ ಕಂತು ಮುಗಿದದ್ದು 1947ರಲ್ಲಿ. ಇದರ ನಡುವೆ 1915ರಿಂದ 1934ರವರೆಗೆ ಅಮೆರಿಕದ ಸೇನೆ ದೇಶವನ್ನು ಆಕ್ರಮಿಸಿಕೊಂಡಿತ್ತು. 1941-42ರಲ್ಲಿ ಸರ್ಕಾರದ ಬೆಂಬಲದಿಂದ ಕ್ಯಾಥೊಲಿಕ್ ಚರ್ಚು ನಡೆಸಿದ ಮೂಢನಂಬಿಕೆ ವಿರೋಧಿ ಆಂದೋಲನದಲ್ಲಿ ವೋಡು ಗುಡಿಗಳ ಮದ್ದಲೆಗಳನ್ನು ರಾಶಿ ಹಾಕಿ ಸುಡಲಾಯಿತು. ಮದ್ದಲೆಗಳನ್ನು ಸುಟ್ಟವರು ಅವುಗಳ ಬಲವೇನೆಂಬುದನ್ನು ಚೆನ್ನಾಗಿಯೇ ಅರಿತಿದ್ದರೆಂದು ಹೇಳಬೇಕು.

1957ರಲ್ಲಿ ಅಧ್ಯಕ್ಷನಾದ ಫ್ರಾನ್ಸ್ವಾ ದುವಾಲಿಯೆ ಮತ್ತು 1971ರಲ್ಲಿ ತಂದೆಯ ಪೀಠವನ್ನೇರಿದ ಜೀನ್-ಕ್ಲೋದ್ ದುವಾಲಿಯೆ, ಇವರಿಬ್ಬರ ಸರ್ವಾಧಿಕಾರ 1986ರ ಫೆಬ್ರವರಿ 7ರವರೆಗೆ ನಡೆಯಿತು. ತೊಂತೊಂ ಮಕೂತ್ ಎಂದು ಜನ ಕರೆಯುತ್ತಿದ್ದ ಖಾಸಗಿ ಪಡೆಯ ಭಯದಿಂದ ಸಂಗೀತ ಎರಡು ದಾರಿ ಹಿಡಿಯಿತು. 1955ರಲ್ಲಿ ನೆಮೂರ್ ಜೀನ್-ಬಾಪ್ತಿಸ್ತ್ ರೂಪಿಸಿದ ಕೊಂಪಾ ಎಂಬ ನೃತ್ಯಸಂಗೀತ, ಪ್ರೀತಿ ಮತ್ತು ಮೋಜಿನ ವಸ್ತುವಿನಲ್ಲಿ ಸುರಕ್ಷಿತವಾಗಿ ನೆಲೆಸಿ ದೇಶದ ಮುಖ್ಯ ಜನಪ್ರಿಯ ಸಂಗೀತವಾಯಿತು. ಇನ್ನೊಂದು ದಾರಿಯನ್ನು ಹಿಡಿದವರಲ್ಲಿ ಮುಖ್ಯರು 1948ರಲ್ಲಿ ಹುಟ್ಟಿದ ಮಾನೋ ಶಾರ್ಲ್‌ಮಾಞ್. ಗಿಟಾರ್ ಒಂದನ್ನೇ ಹಿಡಿದು ಕ್ರೆಯೋಲಿನಲ್ಲಿ ಬಡವರ ಪರವಾಗಿ ನೇರವಾಗಿ ಹಾಡಿದ ಅವರ ಮಾರ್ಗವನ್ನು ಬದ್ಧ ಸಂಗೀತ ಎಂಬರ್ಥದ ಮಿಝಿಕ್ ಅಂಗಾಝೆ ಎಂದು ಕರೆಯುತ್ತಾರೆ. 1980ರಲ್ಲಿ ದೇಶ ಬಿಟ್ಟು ಹೋಗಬೇಕಾಗಿ ಬಂದ ಶಾರ್ಲ್‌ಮಾಞ್ 1986ರಲ್ಲಿ ಮರಳಿದರು, 1991ರ ಸೇನಾಕ್ರಾಂತಿಯ ಬಳಿಕ ಬಂಧನಕ್ಕೊಳಗಾಗಿ ಮತ್ತೆ ಗಡಿಪಾರಾದರು, ಕೊನೆಗೆ 1995ರಲ್ಲಿ ರಾಜಧಾನಿ ಪೋರ್ಟ್-ಓ-ಪ್ರಿನ್ಸಿನ ಮೇಯರ್ ಆಗಿ ಆಯ್ಕೆಯಾದರು. ಹಾಡುಗಾರನೊಬ್ಬ ಆಳುವ ಕುರ್ಚಿಯಲ್ಲಿ ಕುಳಿತ ಈ ಪ್ರಸಂಗ, ಹದಿನೈದು ವರ್ಷಗಳ ನಂತರ ವೈಕ್ಲೆಫ್ ಜೀನ್ ಮುಂದಿಟ್ಟ ಪ್ರಶ್ನೆಗೆ ಪೂರ್ವಪೀಠಿಕೆಯಾಗಿತ್ತು.

ದುವಾಲಿಯೆ ಆಳ್ವಿಕೆಯ ಪತನದ ನಂತರ ಬೇರು ಎಂಬರ್ಥದ ಮಿಝಿಕ್ ರಾಸಿನ್ ಪ್ರಕಾರ ಚಿಗುರಿತು. ವೋಡು ಮತ್ತು ರಾರಾ ಲಯಗಳನ್ನು ವಿದ್ಯುತ್ ಗಿಟಾರಿನೊಡನೆ ಕೂಡಿಸಿದ ಬೂಕ್‌ಮಾನ್ ಎಕ್ಸ್‌ಪೆರಿಯಾನ್ಸ್ ತಂಡ 1791ರ ಬಂಡಾಯದ ನಾಯಕ ಬೂಕ್‌ಮಾನನ ಹೆಸರನ್ನೇ ಧರಿಸಿತ್ತು. 1990ರ ಕಾರ್ನಿವಲ್‌ನಲ್ಲಿ ಈ ತಂಡದ ಹಾಡನ್ನು ಹಾಡುತ್ತ ಜನ ಬೀದಿಗಿಳಿದದ್ದು ಸೇನಾಧಿಕಾರಿ ಪ್ರೋಸ್ಪೆರ್ ಆವ್ರಿಲ್ ವಿರುದ್ಧದ ಪ್ರತಿಭಟನೆಯಾಗಿ ಪರಿಣಮಿಸಿತು. ಕೆಲವೇ ದಿನಗಳಲ್ಲಿ, ಮಾರ್ಚ್ 10ರಂದು, ಆವ್ರಿಲ್ ಅಧಿಕಾರ ಬಿಟ್ಟಿಳಿದರು. ಹಾಡೊಂದರಿಂದಲೇ ಸರ್ಕಾರ ಬಿತ್ತೆನ್ನುವುದು ಉತ್ಪ್ರೇಕ್ಷೆಯಾದೀತು, ಆದರೆ ಆ ವರ್ಷದ ಚಳವಳಿಯನ್ನು ಆ ಹಾಡಿನಿಂದ ಬೇರ್ಪಡಿಸಿ ವಿವರಿಸಲು ಯಾವ ಚರಿತ್ರಕಾರನಿಗೂ ಸಾಧ್ಯವಾಗದು.

ರಾಪ್ ಹೈಟಿಗೆ ಬಂದದ್ದು ಇದಕ್ಕೂ ಕೆಲವು ವರ್ಷ ಮೊದಲು. 1970ರ ದಶಕದ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯಲ್ಲಿ ಕಪ್ಪು ಮತ್ತು ಕೆರಿಬಿಯನ್ ಯುವಕರ ನಡುವೆ ಹುಟ್ಟಿದ ಹಿಪ್ ಹಾಪ್ ಒಂದು ಸಂಸ್ಕೃತಿಯ ಹೆಸರು. ತಾಳಕ್ಕೆ ಹೊಂದಿಸಿ ಪ್ರಾಸಬದ್ಧವಾಗಿ ಮಾತಾಡುವ ರಾಪ್ ಅದರ ಒಂದು ಅಂಗ. ಇದನ್ನು 1980ರ ದಶಕದ ಆರಂಭದಲ್ಲಿಯೇ ಕ್ರೆಯೋಲಿಗೆ ತಂದವರು ಮಾಸ್ಟರ್ ಜಿ ಎಂಬ ಹೆಸರಿನಿಂದ ಪ್ರಸಿದ್ಧರಾದ ಜಾರ್ಜ್ ಲಿಸ್ ಹೆರಾರ್. ಪ್ರಾಸ, ಕೊಂಕು, ಸವಾಲು ಮತ್ತು ಸಮೂಹದ ಮರುಸೊಲ್ಲು ಇವೆಲ್ಲ ರಾರಾ ಹಾಡುಗಳಲ್ಲಿ ಮೊದಲೇ ಇದ್ದುದರಿಂದ ಈ ಹೊಸ ಪ್ರಕಾರ ಹೊರಗಿನದೆಂದು ಅನ್ನಿಸದೆ ಬೇಗನೆ ಬೇರು ಬಿಟ್ಟಿತು. ಮಾಸ್ಟರ್ ಜಿ 1994ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ರಾಪ್ ಕ್ರೆಯೋಲ್ ಎಂಬ ಪ್ರಕಾರದ ಮೊದಲಿಗನೆಂಬ ಮನ್ನಣೆ ಸಲ್ಲಬೇಕಾದದ್ದು ಅವರಿಗೆ. ಹೈಟಿಯ ಹೊರಗೆ ವೈಕ್ಲೆಫ್ ಜೀನ್ ಹೆಸರನ್ನಷ್ಟೇ ಬಲ್ಲವರು ಈ ಸಂಗತಿಯನ್ನು ಮರೆಯುತ್ತಾರೆ.

ನೆಲುಸ್ತ್ ವೈಕ್ಲೆಫ್ ಜೀನ್ 1969ರ ಅಕ್ಟೋಬರ್ 17ರಂದು ಜನಿಸಿದ್ದು ರಾಜಧಾನಿಯ ಈಶಾನ್ಯಕ್ಕೆ ಹತ್ತಿರದಲ್ಲಿಯೇ ಇರುವ ಕ್ರ್ವಾ-ದೆ-ಬೂಕೆ ಪಟ್ಟಣದಲ್ಲಿ. ಈ ಊರು ಕಲಾಪ್ರಪಂಚದಲ್ಲಿ ಕಬ್ಬಿಣದ ಕೆಲಸಕ್ಕೆ ಹೆಸರಾಗಿದೆ: ಸ್ಮಶಾನದ ಶಿಲುಬೆಗಳನ್ನು ಬಡಿಯುತ್ತಿದ್ದ ಜಾರ್ಜ್ ಲಿಯೋಟೋ ಎಂಬ ಕಮ್ಮಾರರು 1950ರ ದಶಕದಲ್ಲಿ ಶಿಲ್ಪಿಯಾಗಿ ಗುರುತಿಸಲ್ಪಟ್ಟ ನಂತರ, ಎಸೆದ ಎಣ್ಣೆಯ ಡ್ರಮ್ಮುಗಳನ್ನು ಸೀಳಿ ಚಪ್ಪಟೆ ಮಾಡಿ ವೋಡು ದೈವಗಳನ್ನೂ ಮೀನು-ಮರಗಳನ್ನೂ ಉಳಿಯಿಂದ ಕೆತ್ತುವ ಕಸುಬು ಅಲ್ಲಿನ ನ್ವಾಯಿ ಕೇರಿಯ ಮನೆಮನೆಗೂ ಹರಡಿತು. ಜೀನ್ ಅವರ ತಂದೆ ಗೆಸ್ನೆರ್ ಜೀನ್ ನಜರೀನ್ ಎಂಬ ಪ್ರೊಟೆಸ್ಟೆಂಟ್ ಪಂಗಡದ ಬೋಧಕರು. ಬೈಬಲನ್ನು ಜನಸಾಮಾನ್ಯರ ಇಂಗ್ಲಿಷಿಗೆ ತಂದ ಹದಿನಾಲ್ಕನೆಯ ಶತಮಾನದ ಜಾನ್ ವಿಕ್ಲಿಫ್ ಅವರ ಹೆಸರನ್ನೇ ಮಗನಿಗೆ ಇಟ್ಟಿದ್ದರು. ವೋಡುವನ್ನು ಸೈತಾನನ ಕೆಲಸವೆಂದು ಬಗೆಯುವ ಪಂಗಡವೊಂದರಲ್ಲಿ, ಆದರೆ ವೋಡು ಮದ್ದಲೆ ಕೇಳಿಸುವ ಊರಿನಲ್ಲಿ ಕಳೆದ ಬಾಲ್ಯವಿದು. ಜೀನ್ ಅವರ ಸಂಗೀತದಲ್ಲಿ ಚರ್ಚಿನ ಸಮೂಹಗಾನದ ಹಿಗ್ಗೂ ಬೀದಿಯ ಮೆರವಣಿಗೆಯ ಲಯವೂ ಒಟ್ಟಿಗೆ ಬರುವುದಕ್ಕೆ ಇದಕ್ಕಿಂತ ಸಮರ್ಪಕವಾದ ವಿವರಣೆ ಬೇಕಿಲ್ಲ.

ಒಂಬತ್ತರ ವಯಸ್ಸಿನಲ್ಲಿ ಅವರು ತಂದೆತಾಯಿಗಳಿದ್ದ ಅಮೆರಿಕವನ್ನು, ಮೊದಲು ಬ್ರೂಕ್ಲಿನ್ನನ್ನೂ ಆಮೇಲೆ ನ್ಯೂಜೆರ್ಸಿಯನ್ನೂ, ಸೇರಿದರು. ಆ ಕಾಲದ ಹೈಟಿಯನ್ ವಲಸಿಗರ ಪಾಡನ್ನು ತುಸು ವಿವರಿಸುವುದು ಅಗತ್ಯ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಹಾಯಿದೋಣಿಗಳಲ್ಲಿ ಫ್ಲಾರಿಡಾ ತೀರಕ್ಕೆ ಬರುತ್ತಿದ್ದ ಹೈಟಿಯನ್ನರನ್ನು ಆರ್ಥಿಕ ವಲಸಿಗರೆಂದು ಹೇಳಿ ವಾಪಸು ಕಳಿಸುವುದು ಅಮೆರಿಕದ ನೀತಿಯಾಗಿತ್ತು. ಏಡ್ಸ್ ರೋಗ ಕಾಣಿಸಿಕೊಂಡಾಗ ಒಂದು ಇಡೀ ರಾಷ್ಟ್ರೀಯತೆಯನ್ನೇ ಅಪಾಯದ ಗುಂಪೆಂದು ಪಟ್ಟಿ ಮಾಡಲಾಯಿತು. ಹೈಟಿಯನ್ನರ ರಕ್ತದಾನವನ್ನು ಸ್ವೀಕರಿಸಬಾರದೆಂದು 1990ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಲಹೆ ನೀಡಿದಾಗ, ಏಪ್ರಿಲ್ 20ರಂದು ಹತ್ತಾರು ಸಾವಿರ ಹೈಟಿಯನ್ನರು ಬ್ರೂಕ್ಲಿನ್ ಸೇತುವೆಯನ್ನು ದಾಟಿ ಮೆರವಣಿಗೆ ನಡೆಸಿ, ವರ್ಷ ಮುಗಿಯುವುದರೊಳಗೆ ಅದನ್ನು ಹಿಂತೆಗೆಸಿದರು. 1991ರ ಸೆಪ್ಟೆಂಬರ್ 30ರಂದು ಚುನಾಯಿತ ಅಧ್ಯಕ್ಷ ಜೀನ್-ಬರ್ತ್ರಾಂ ಅರಿಸ್ಟೀಡ್ ಅವರನ್ನು ಸೇನೆ ಉರುಳಿಸಿದ ಮೇಲೆ ಕಡಲಿನಲ್ಲಿ ಹಿಡಿದ ಸಾವಿರಾರು ನಿರಾಶ್ರಿತರನ್ನು ಗ್ವಾಂಟನಾಮೊ ನೌಕಾನೆಲೆಯ ಶಿಬಿರಗಳಲ್ಲಿ ಇರಿಸಲಾಯಿತು, ಮತ್ತು 1992ರ ಮೇ ತಿಂಗಳಿನ ಆದೇಶದ ಬಳಿಕ ವಿಚಾರಣೆಯೂ ಇಲ್ಲದೆ ನೇರವಾಗಿ ಹಿಂದಕ್ಕಟ್ಟಲಾಯಿತು. ಶಾಲೆಗಳಲ್ಲಿ ಹೈಟಿಯನ್ ಮಕ್ಕಳು ಹೊಡೆತಕ್ಕೂ ಹೀಯಾಳಿಕೆಗೂ ಅಂಜಿ ತಾವು ಜಮೈಕದವರೆಂದೋ ಬೇರೆ ದ್ವೀಪದವರೆಂದೋ ಹೇಳಿಕೊಳ್ಳುತ್ತಿದ್ದರು.

ನ್ಯೂಜೆರ್ಸಿಯಲ್ಲಿ ಪ್ರಾಸ್ ಮಿಶೆಲ್ ಮತ್ತು ಲಾರಿನ್ ಹಿಲ್ ಅವರೊಡನೆ ಜೀನ್ ಕಟ್ಟಿದ ತಂಡ ತನ್ನನ್ನು ಫ್ಯೂಜೀಸ್ ಎಂದು, ಅಂದರೆ ನಿರಾಶ್ರಿತರು ಎಂಬುದರ ಹ್ರಸ್ವರೂಪದಿಂದ, ಕರೆದುಕೊಂಡದ್ದು ಈ ಹಿನ್ನೆಲೆಯಲ್ಲಿ. ಬೈಗುಳವಾಗಿ ಎಸೆಯಲಾಗುತ್ತಿದ್ದುದನ್ನು ಎತ್ತಿಕೊಂಡು ಬಿರುದಿನಂತೆ ಧರಿಸಿದ ಈ ನಡೆ, ಪ್ವೆನ್ ಹಾಡಿನ ಕೌಶಲದ ನೇರ ವಾರಸುದಾರಿಕೆಯಂತೆ ಕಾಣುತ್ತದೆ. 1994ರ ಅವರ ಮೊದಲ ಧ್ವನಿಸಂಪುಟ ಅಷ್ಟಾಗಿ ಗಮನ ಸೆಳೆಯಲಿಲ್ಲ. ಎರಡನೆಯದಾದ ‘ದಿ ಸ್ಕೋರ್’ ರೂಪುಗೊಂಡದ್ದು ದೊಡ್ಡ ಸ್ಟುಡಿಯೋದಲ್ಲಲ್ಲ, ಈಸ್ಟ್ ಆರೆಂಜ್ ಪಟ್ಟಣದ ಹೈಟಿಯನ್ ಕುಟುಂಬವೊಂದರ ಮನೆಯ ನೆಲಮಾಳಿಗೆಯಲ್ಲಿ ಜೀನ್ ಮತ್ತು ಅವರ ಬಂಧು ಜೆರ್ರಿ ದುಪ್ಲೆಸಿ ಜೋಡಿಸಿಕೊಂಡಿದ್ದ ಧ್ವನಿಮುದ್ರಣ ಕೋಣೆಯಲ್ಲಿ. 1996ರ ಫೆಬ್ರವರಿಯಲ್ಲಿ ಹೊರಬಂದ ಅದು ಲೋಕದಾದ್ಯಂತ ಕೋಟಿಗೂ ಹೆಚ್ಚು ಪ್ರತಿಗಳಲ್ಲಿ ಮಾರಾಟವಾಗಿ, ಮರುವರ್ಷ ಅತ್ಯುತ್ತಮ ರಾಪ್ ಸಂಪುಟಕ್ಕಾಗಿ ಗ್ರಾಮಿ ಪ್ರಶಸ್ತಿಯನ್ನು ಪಡೆಯಿತು. ಆ ಸಮಾರಂಭಕ್ಕೆ ಜೀನ್ ಹೈಟಿಯ ನೀಲಿ-ಕೆಂಪು ಧ್ವಜವನ್ನು ಹೊದ್ದು ಬಂದರು. ಪ್ರಶಸ್ತಿಯ ವೈಭವಕ್ಕಿಂತ ಆ ಧ್ವಜದ ಪರಿಣಾಮವೇ ದೊಡ್ಡದು. ತಮ್ಮ ಊರಿನ ಹೆಸರನ್ನು ಮುಚ್ಚಿಡುತ್ತಿದ್ದ ಒಂದು ಪೀಳಿಗೆಯ ಯುವಜನರು ಆ ಧ್ವಜವನ್ನು ಕತ್ತಿಗೂ ತಲೆಗೂ ಕಾರಿನ ಕನ್ನಡಿಗೂ ಕಟ್ಟಿಕೊಂಡು ಓಡಾಡತೊಡಗಿದರು. ಕಾನೂನು, ಮನವಿಪತ್ರ, ಮೆರವಣಿಗೆಗಳು ಹಕ್ಕನ್ನು ಗಳಿಸಿಕೊಟ್ಟಿದ್ದವು. ಅಭಿಮಾನವನ್ನು ಮರಳಿಸಿದ್ದು ಸಂಗೀತ.

ಆದರೂ ಚರಿತ್ರೆಯ ದೃಷ್ಟಿಯಿಂದ ಜೀನ್ ಅವರ ಅತಿ ಮುಖ್ಯ ಕೃತಿ ‘ದಿ ಸ್ಕೋರ್’ ಅಲ್ಲ, 1997ರಲ್ಲಿ ಬಂದ ಅವರ ಸ್ವತಂತ್ರ ಸಂಪುಟ ‘ದಿ ಕಾರ್ನಿವಲ್’. ಅಮೆರಿಕದ ಬೃಹತ್ ಕಂಪನಿಯೊಂದು ಹೊರತಂದ ಆ ಸಂಪುಟದ ಕೊನೆಯ ಭಾಗದಲ್ಲಿ ಹಲವು ಹಾಡುಗಳು ಅನುವಾದವಿಲ್ಲದ ಅಪ್ಪಟ ಕ್ರೆಯೋಲಿನಲ್ಲಿದ್ದವು. ಅವುಗಳಲ್ಲಿ ಒಂದರ ಹೆಸರು ‘ಜಾಸ್ಪೊರಾ’. ಪರದೇಶದಲ್ಲಿ ನೆಲೆಸಿದವನನ್ನು ಹೈಟಿಯಲ್ಲಿ ಜಾಸ್ಪೊರಾ ಎನ್ನುತ್ತಾರೆ: ಹಣ ಕಳಿಸುವವನೆಂಬ ಗೌರವವೂ, ಕಷ್ಟಕ್ಕೆ ಬೆನ್ನು ತಿರುಗಿಸಿ ಹೋದವನೆಂಬ ಮುನಿಸೂ ಅದರಲ್ಲಿ ಒಟ್ಟಿಗೆ ಇವೆ. ದೇಶಕ್ಕೆ ಆಗ ಒಂಬತ್ತು ಪ್ರಾಂತಗಳಿದ್ದುದರಿಂದ ಅರಿಸ್ಟೀಡ್ ಪರದೇಶದ ಹೈಟಿಯನ್ನರನ್ನು ಹತ್ತನೆಯ ಪ್ರಾಂತವೆಂದು ಕರೆದಿದ್ದರು. ಹೈಟಿಯ ಶಾಲೆಗಳಲ್ಲಿ ಕ್ರೆಯೋಲ್ ಆಡಿದ ಮಕ್ಕಳಿಗೆ ಶಿಕ್ಷೆ ವಿಧಿಸುತ್ತಿದ್ದ ನೆನಪು ಇನ್ನೂ ಹಸಿಯಾಗಿದ್ದ ಕಾಲದಲ್ಲಿ, ಆ ಭಾಷೆ ಫ್ರೆಂಚಿನ ಕೈಹಿಡಿಯದೆ ನೇರವಾಗಿ ಲೋಕದ ಮಾರುಕಟ್ಟೆಯನ್ನು ಪ್ರವೇಶಿಸಿದ್ದು ಸಣ್ಣ ಸಂಗತಿಯಲ್ಲ. ಇದೇ ಕೆಲಸವನ್ನು ದೇಶದೊಳಗೆ ರೇಡಿಯೋದಲ್ಲಿ ಮಾಡಿದ್ದ, ಕ್ರೆಯೋಲಿನಲ್ಲಿ ಸುದ್ದಿ ಮತ್ತು ಸಂದರ್ಶನಗಳನ್ನು ಬಿತ್ತರಿಸಿ ಎರಡು ಬಾರಿ ಗಡಿಪಾರಾಗಿ 2000ದ ಏಪ್ರಿಲ್ 3ರಂದು ಹತ್ಯೆಗೀಡಾದ ಪತ್ರಕರ್ತ ಜೀನ್ ದೊಮಿನಿಕ್ ಅವರನ್ನು ಕುರಿತು ಜೊನಾಥನ್ ಡೆಮಿ ತೆಗೆದ ಸಾಕ್ಷ್ಯಚಿತ್ರಕ್ಕೆ ಜೀನ್ ಸಂಗೀತ ನೀಡಿದ್ದು ತಕ್ಕದ್ದೇ ಆಗಿತ್ತು. ನ್ಯೂಯಾರ್ಕ್ ಪೊಲೀಸರು 1999ರ ಫೆಬ್ರವರಿಯಲ್ಲಿ 41 ಗುಂಡುಗಳನ್ನು ಹಾರಿಸಿ ಕೊಂದ ಗಿನಿ ಮೂಲದ ನಿರಾಯುಧ ಯುವಕ ಅಮಾದು ಡಿಯಾಲೊ ಕುರಿತು ಕಟ್ಟಿದ ಹಾಡೂ ಈ ವರ್ಷಗಳದೇ.

2005ರಲ್ಲಿ ಜೀನ್ ಯೆಲೆ ಹೈಟಿ ಎಂಬ ಸೇವಾಸಂಸ್ಥೆಯನ್ನು ಮುನ್ನಡೆಸತೊಡಗಿದರು. ಹಿಂದಿನ ವರ್ಷವಷ್ಟೇ ಅರಿಸ್ಟೀಡ್ ಎರಡನೆಯ ಬಾರಿ ದೇಶ ಬಿಟ್ಟು ಹೋಗಿದ್ದರು, ವಿಶ್ವಸಂಸ್ಥೆಯ ಪಡೆ ಬಂದಿಳಿದಿತ್ತು, ಜೀನ್ ಎಂಬ ಹೆಸರಿನದೇ ಚಂಡಮಾರುತ ಗೊನಾಯಿವ್ ಪಟ್ಟಣವನ್ನು ಕೆಸರಿನಲ್ಲಿ ಹೂತಿತ್ತು. ಮಕ್ಕಳ ಶಾಲಾ ಶುಲ್ಕ, ಬಡಾವಣೆಗಳಲ್ಲಿ ಆಹಾರ ವಿತರಣೆ, ದಿನಗೂಲಿ ಕೊಟ್ಟು ಬೀದಿಗಳನ್ನು ಗುಡಿಸುವ ಯೋಜನೆ, ಕ್ರೀಡೆ ಮತ್ತು ಸಂಗೀತ ಇವು ಸಂಸ್ಥೆಯ ಕೆಲಸಗಳು. ವಿದೇಶಿ ಸೇವಾಸಂಸ್ಥೆಗಳ ವಾಹನಗಳು ಒಳಹೋಗಲು ಹೆದರುತ್ತಿದ್ದ ಕೇರಿಗಳಲ್ಲಿ ಹಾಡುಗಾರನ ಹೆಸರೇ ರಹದಾರಿಯಾಯಿತು. 2007ರಲ್ಲಿ ಅಧ್ಯಕ್ಷ ರೆನೆ ಪ್ರೆವಾಲ್, ಜೀನ್ ಅವರನ್ನು ದೇಶದ ಸಂಚಾರಿ ರಾಯಭಾರಿಯಾಗಿ ನೇಮಿಸಿದರು.

2010ರ ಜನವರಿ 12ರ ಸಂಜೆ ನಾಲ್ಕು ಗಂಟೆ 53 ನಿಮಿಷಕ್ಕೆ ರಾಜಧಾನಿಯ ಪಶ್ಚಿಮಕ್ಕೆ ಲೆಯೋಗಾನ್ ಬಳಿ ಕೇಂದ್ರವಿದ್ದ, 7.0 ಪ್ರಮಾಣದ ಭೂಕಂಪ ಎಲ್ಲವನ್ನೂ ತಲೆಕೆಳಗು ಮಾಡಿತು. ಸತ್ತವರ ಸಂಖ್ಯೆಯ ಅಂದಾಜುಗಳು ಒಂದು ಲಕ್ಷದಿಂದ ಸರ್ಕಾರ ಹೇಳಿದ ಮೂರು ಲಕ್ಷಕ್ಕೂ ಮೇಲಿನವರೆಗೆ ಹರಡಿವೆ. ಹತ್ತು ಲಕ್ಷಕ್ಕೂ ಹೆಚ್ಚು ಜನ ಬಯಲಿಗೆ ಬಿದ್ದರು. ಜೀನ್ ಮರುದಿನವೇ ದೇಶ ತಲುಪಿ ಬೀದಿಯ ಹೆಣಗಳನ್ನು ಎತ್ತುವ ಕೆಲಸಕ್ಕೆ ಕೈಹಚ್ಚಿದರು. ಮೊಬೈಲ್ ಫೋನಿನಿಂದ ಒಂದು ಸಂದೇಶ ಕಳಿಸಿದರೆ 5 ಡಾಲರ್ ದಾನ ಸಲ್ಲುವಂತೆ ಅವರು ನೀಡಿದ ಕರೆಗೆ ಒಂದೆರಡು ದಿನಗಳಲ್ಲಿಯೇ ಹತ್ತು ಲಕ್ಷ ಡಾಲರಿಗೂ ಹೆಚ್ಚು ಹಣ ಬಂದಿತು. ಆ ವರ್ಷ ಸಂಸ್ಥೆಗೆ ಸಂದ ಒಟ್ಟು ದೇಣಿಗೆ ಸುಮಾರು 1.6 ಕೋಟಿ ಡಾಲರ್. ಸಣ್ಣ ಸಂಸ್ಥೆಯೊಂದರ ಮೇಲೆ ಇಷ್ಟು ಹಣ ಒಮ್ಮೆಗೇ ಸುರಿದಾಗ ಅದರ ಲೆಕ್ಕಪತ್ರಗಳ ಮೇಲೂ ಬೆಳಕು ಬಿದ್ದಿತು. ತೆರಿಗೆ ದಾಖಲೆಗಳನ್ನು ವರ್ಷಾನುಗಟ್ಟಲೆ ತಡವಾಗಿ ಸಲ್ಲಿಸಿದ್ದುದು, ಜೀನ್ ಮತ್ತು ಅವರ ಆಪ್ತರಿಗೆ ಪಾಲಿದ್ದ ಉದ್ಯಮಗಳಿಗೆ ಸಂಸ್ಥೆ ಹಣ ಪಾವತಿಸಿದ್ದುದು ಬಯಲಾಯಿತು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ವಿಚಾರಣೆಯ ಭಾಗವಾಗಿ ನಡೆದ ತಪಾಸಣೆ ಭೂಕಂಪಕ್ಕೆ ಹಿಂದಿನ ವರ್ಷಗಳಲ್ಲಿ ಅನುಚಿತ ಪಾವತಿಗಳನ್ನು ಗುರುತಿಸಿತು. ಲೆಕ್ಕದಲ್ಲಿ ಲೋಪಗಳಾಗಿವೆಯೆಂದು ಒಪ್ಪಿದ ಜೀನ್, ಸ್ವಂತ ಲಾಭಕ್ಕೆ ಹಣ ಬಳಸಿದ್ದನ್ನು ನಿರಾಕರಿಸಿದರು. ಸಾಲದ ಹೊರೆಯೊಡನೆ ಸಂಸ್ಥೆ 2012ರಲ್ಲಿ ಮುಚ್ಚಿಹೋಯಿತು.

ಇಲ್ಲಿ ತೀರ್ಪು ನೀಡುವವರು ಎರಡು ಸಂಗತಿಗಳನ್ನು ಒಟ್ಟಿಗೆ ಹಿಡಿಯಬೇಕಾಗುತ್ತದೆ. ಭೂಕಂಪದ ನಂತರ ಜಗತ್ತು ನೀಡಿದ ನೆರವಿನಲ್ಲಿ ಹೈಟಿ ಸರ್ಕಾರಕ್ಕೂ ಹೈಟಿಯನ್ ಸಂಸ್ಥೆಗಳಿಗೂ ನೇರವಾಗಿ ತಲುಪಿದ್ದು ಅತ್ಯಲ್ಪ. ದೊಡ್ಡ ಪಾಲನ್ನು ನಿರ್ವಹಿಸಿದ ಅಂತರರಾಷ್ಟ್ರೀಯ ಸಂಸ್ಥೆಗಳೂ ಕೊಟ್ಟ ಮಾತಿಗೆ ತಕ್ಕಷ್ಟು ಮನೆಗಳನ್ನು ಕಟ್ಟಿಕೊಡಲಿಲ್ಲ, ಆದರೂ ಅವುಗಳಲ್ಲಿ ಹೆಚ್ಚಿನವು ಯೆಲೆಯಷ್ಟು ನಿಂದೆಗೆ ಗುರಿಯಾಗಲಿಲ್ಲ. ಇದು ನಿಜ. ಹಾಡುಗಾರನನ್ನು ನಂಬಿ ಕೊಟ್ಟ ಐದು ಡಾಲರಿಗೆ ಪೈಸೆಪೈಸೆಯ ಲೆಕ್ಕ ಇರಬೇಕಾಗಿತ್ತೆಂಬುದೂ ಅಷ್ಟೇ ನಿಜ, ಏಕೆಂದರೆ ಆ ನಂಬಿಕೆ ಜೀನ್ ಒಬ್ಬರೇ ಗಳಿಸಿದ್ದಲ್ಲ. ರಾರಾ ತಂಡಗಳಿಂದ ಶಾರ್ಲ್‌ಮಾಞ್‌ವರೆಗೆ ಜೀವಭಯವನ್ನು ಲೆಕ್ಕಿಸದೆ ಹಾಡಿದವರು ತಲೆಮಾರುಗಳಿಂದ ಕೂಡಿಟ್ಟ ಗಂಟು ಅದು. ಹಾಡು ಕೇಳುವವನು ಹಾಡುಗಾರನ ದನಿಯನ್ನು ನಂಬಿದರೆ ಸಾಕು, ಸಂಸ್ಥೆಗೆ ಕೊಡುವವನಿಗೆ ರಸೀದಿ, ಮಂಡಳಿ, ತಪಾಸಣೆ ಬೇಕು; ಒಂದರ ಬಲದಿಂದ ಇನ್ನೊಂದನ್ನು ನಡೆಸಬಹುದೆಂದು ಭಾವಿಸಿದ್ದೇ ಯೆಲೆಯ ಮೂಲ ದೋಷ.

ಇದೇ ಭಾವನೆ ಅದೇ ವರ್ಷ ರಾಜಕಾರಣಕ್ಕೂ ದಾಟಿತು. 2010ರ ಆಗಸ್ಟಿನಲ್ಲಿ ಜೀನ್ ‘ಕೂಡಿ ಬಾಳೋಣ’ ಎಂಬರ್ಥದ ವಿವ್ ಅನ್ಸಾಮ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಾಮಪತ್ರ ಸಲ್ಲಿಸಿದರು. ಜನಸಂಖ್ಯೆಯ ಅರ್ಧಕ್ಕೂ ಹೆಚ್ಚು ಮಂದಿ ಇಪ್ಪತ್ತೈದರ ಒಳಗಿನವರಾಗಿದ್ದ ದೇಶದಲ್ಲಿ, ಡೇರೆಗಳಲ್ಲಿ ಬದುಕುತ್ತಿದ್ದ ಯುವಕರಿಗೆ ಹಳೆಯ ರಾಜಕಾರಣಿಗಳಿಗಿಂತ ಅವರೇ ಹತ್ತಿರದವರಾಗಿ ಕಂಡರು. ಆದರೆ ಅಭ್ಯರ್ಥಿ ಚುನಾವಣೆಗೆ ಮುಂಚೆ ಐದು ವರ್ಷ ಸತತವಾಗಿ ದೇಶದಲ್ಲಿ ವಾಸಿಸಿರಬೇಕೆಂದು 1987ರ ಸಂವಿಧಾನ ವಿಧಿಸುತ್ತದೆ. ರಾಯಭಾರಿಯಾಗಿ ಹೊರಗಿರಬೇಕಾಗಿ ಬಂದುದರಿಂದ ಆ ನಿಯಮ ತಮಗೆ ಅಡ್ಡಿಯಾಗದೆಂಬ ಜೀನ್ ವಾದವನ್ನು ಒಪ್ಪದ ಚುನಾವಣಾ ಮಂಡಳಿ, ಆಗಸ್ಟ್ 20ರಂದು 34 ಅಭ್ಯರ್ಥಿಗಳಲ್ಲಿ 19 ಮಂದಿಯನ್ನು ಅಂಗೀಕರಿಸಿ, ಜೀನ್ ಸೇರಿ 15 ಮಂದಿಯನ್ನು ತಿರಸ್ಕರಿಸಿತು. ಅಂದಿನ ಮಂಡಳಿಯ ನಿಷ್ಪಕ್ಷಪಾತದ ಬಗ್ಗೆ ದೇಶದಲ್ಲಿ ಸಂದೇಹಗಳಿದ್ದವಾದರೂ ನಿಯಮದ ಮಾತು ಸ್ಪಷ್ಟವಾಗಿಯೇ ಇತ್ತು.

ಹಾಡುಗಾರನೊಬ್ಬ ಆಳಿದರೆ ಏನಾಗುತ್ತದೆಂಬ ಪ್ರಶ್ನೆಗೆ ಉತ್ತರ ಇತರರಿಂದ ದೊರೆಯಿತು. ಸ್ವೀಟ್ ಮಿಕಿ ಎಂಬ ಹೆಸರಿನ ಕೊಂಪಾ ಗಾಯಕ ಮಿಶೆಲ್ ಮಾರ್ತೆಲಿ, ಜೀನ್ ಅವರ ಹಳೆಯ ಜೊತೆಗಾರ ಪ್ರಾಸ್ ಬೆಂಬಲವನ್ನೂ ಪಡೆದು, 2011ರ ಮಾರ್ಚಿನ ಎರಡನೆಯ ಸುತ್ತಿನಲ್ಲಿ ಗೆದ್ದು ಮೇ 14ರಂದು ಅಧ್ಯಕ್ಷರಾದರು. ಐದು ವರ್ಷಗಳ ಅವರ ಅವಧಿಯಲ್ಲಿ ಸಂಸತ್ತಿನ ಚುನಾವಣೆಗಳು ಮುಂದೂಡಲ್ಪಟ್ಟು, 2015ರ ಆರಂಭದಿಂದ ಸಂಸತ್ತೇ ಇಲ್ಲದೆ ಆದೇಶಗಳ ಮೂಲಕ ಆಳ್ವಿಕೆ ನಡೆಯಿತು. ಮೇಯರ್ ಆಗಿದ್ದ ಶಾರ್ಲ್‌ಮಾಞ್‌ರ ಅನುಭವವೂ ಕಹಿಯಾಗಿಯೇ ಮುಗಿದಿತ್ತು; 2017ರ ಡಿಸೆಂಬರಿನಲ್ಲಿ ಮಯಾಮಿಯಲ್ಲಿ ತೀರಿಕೊಂಡ ಅವರನ್ನು ಜನ ನೆನೆದದ್ದು ಹಾಡುಗಳಿಗಾಗಿ, ನಗರಸಭೆಗಾಗಿ ಅಲ್ಲ.

ಇತ್ತ ದೇಶದೊಳಗಿನ ರಾಪ್ ಕ್ರೆಯೋಲ್ ಜೀನ್ ಅವರ ಖ್ಯಾತಿಯ ನೆರಳಿಗೆ ಕಾಯದೆ ತನ್ನ ಪಾಡಿಗೆ ಬೆಳೆದಿತ್ತು. 2000ದ ದಶಕದಲ್ಲಿ ಪೋರ್ಟ್-ಓ-ಪ್ರಿನ್ಸಿನ ಕೇರಿಗಳಿಂದ ಎದ್ದ ಬಾರಿಕಾದ್ ಕ್ರೂ ತಂಡ, ಕೆಲಸವಿಲ್ಲದ ಹುಡುಗರ ಬದುಕನ್ನೂ ಪೊಲೀಸರ ಬಂದೂಕನ್ನೂ ಕೇರಿಯ ಹುಡುಗರಿಗೆ ತಿಳಿಯುವ ಮಾತಿನಲ್ಲಿಯೇ ಹಾಡಿತು. 2008ರ ಜೂನಿನಲ್ಲಿ ಅದರ ಮೂವರು ಸದಸ್ಯರು ವಾಹನ ಅಪಘಾತದಲ್ಲಿ ಸತ್ತಾಗ ಅಂತ್ಯಕ್ರಿಯೆಗೆ ಸೇರಿದ ಜನಸಾಗರ ಈ ಸಂಗೀತದ ಸ್ಥಾನವೇನೆಂಬುದನ್ನು ಅದುವರೆಗೆ ಅಲಕ್ಷಿಸಿದ್ದ ಮೇಲುವರ್ಗಕ್ಕೂ ತೋರಿಸಿಕೊಟ್ಟಿತು. ಬಿಕ್ ಎಂಬ ಹೆಸರಿನಿಂದ ಹಾಡುವ ರೂಸ್‌ವೆಲ್ಟ್ ಸಯ್ಯಾನ್ ಶಾರ್ಲ್‌ಮಾಞ್‌ರ ಗಿಟಾರ್ ಮಾರ್ಗವನ್ನೂ ರಾಪ್ ಮಾತುಗಾರಿಕೆಯನ್ನೂ ಬೆಸೆದರು. ಈ ಕಲಾವಿದರಿಗೆ ಲೋಕದ ಮಾರುಕಟ್ಟೆ ಸಿಗಲಿಲ್ಲ, ಆದರೆ ಪರಂಪರೆಯ ನಡುಗಂಬ ಅವರೇ ಎಂಬುದರಲ್ಲಿ ಅನುಮಾನವಿಲ್ಲ.

2021ರ ಜುಲೈ 7ರಂದು ಅಧ್ಯಕ್ಷ ಜೊವೆನೆಲ್ ಮೊಯಿಸ್ ಹತ್ಯೆಯಾದ ಬಳಿಕ ರಾಜಧಾನಿ ಹಂತಹಂತವಾಗಿ ಶಸ್ತ್ರಸಜ್ಜಿತ ಗುಂಪುಗಳ ವಶವಾಯಿತು. 2023ರಲ್ಲಿ ಆ ಗುಂಪುಗಳು ಮಾಡಿಕೊಂಡ ಒಕ್ಕೂಟ ಆರಿಸಿಕೊಂಡದ್ದು ವಿವ್ ಅನ್ಸಾಮ್ ಎಂಬ ಅದೇ ಹೆಸರನ್ನು. ಜೀನ್ ಅವರ ಪಕ್ಷಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ. 2024ರ ಮಾರ್ಚ್ ಮೊದಲ ವಾರದಲ್ಲಿ ಅವು ರಾಷ್ಟ್ರೀಯ ಕಾರಾಗೃಹದ ಜೊತೆಗೆ ಕ್ರ್ವಾ-ದೆ-ಬೂಕೆಯ ಸೆರೆಮನೆಯನ್ನೂ ಒಡೆದು ಸಾವಿರಾರು ಕೈದಿಗಳನ್ನು ಬಿಟ್ಟವು. ನ್ವಾಯಿ ಕೇರಿಯ ಕಬ್ಬಿಣದ ಕುಶಲಕರ್ಮಿಗಳು ತಮ್ಮ ಕಮ್ಮಟಗಳನ್ನು ಬಿಟ್ಟು ಓಡಬೇಕಾಯಿತು. ಹಲವು ಸಂಗೀತಗಾರರೂ ನಗರವನ್ನು ತೊರೆದು ಮಯಾಮಿ, ಮಾಂಟ್ರಿಯಲ್‌ಗಳನ್ನು ಸೇರಿದರು. 2025ರ ಆರಂಭದ ಹೊತ್ತಿಗೆ ದೇಶದೊಳಗೇ ನೆಲೆ ಕಳೆದುಕೊಂಡವರ ಸಂಖ್ಯೆ ಹತ್ತು ಲಕ್ಷ ದಾಟಿತ್ತು.

ಪರದೇಶದ ಹೈಟಿಯನ್ನರು ಕಳಿಸುವ ಹಣ ಈಗ ದೇಶದ ಒಟ್ಟು ಉತ್ಪನ್ನದ ಸುಮಾರು ಐದನೆಯ ಒಂದರಷ್ಟಿದೆ. 2012ರಲ್ಲಿ ಜಾರಿಗೆ ಬಂದ ಸಂವಿಧಾನ ತಿದ್ದುಪಡಿಗಳು ಬೇರೆ ದೇಶದ ಪೌರತ್ವ ಪಡೆದವರೂ ಹೈಟಿಯನ್ನರಾಗಿಯೇ ಉಳಿಯಲು ಅವಕಾಶ ಕೊಟ್ಟವು, ಆದರೆ ಅಧ್ಯಕ್ಷ ಪದವಿಗೆ ಐದು ವರ್ಷಗಳ ವಾಸದ ನಿಯಮವನ್ನು ಹಾಗೆಯೇ ಇರಿಸಿದವು. ಊರಿನಲ್ಲಿ ಉಳಿಯಲಾಗದೆ ಹೋದವರ ಸಾಲಿಗೆ ಈಗ ವೈದ್ಯರೂ ಶಿಕ್ಷಕರೂ ವಕೀಲರೂ ಸೇರಿರುವುದರಿಂದ, ಹೊರಗಿನಿಂದ ದೇಶವನ್ನು ಪೊರೆಯುವವನಿಗೆ ಅದನ್ನು ಆಳುವ ಹಕ್ಕಿನಲ್ಲಿ ಪಾಲುಂಟೇ ಎಂಬ, 2010ರಲ್ಲಿ ಜೀನ್ ಎಬ್ಬಿಸಿದ ತಗಾದೆ ಒಬ್ಬ ಗಾಯಕನ ಮಹತ್ವಾಕಾಂಕ್ಷೆಯ ವಿಷಯವಾಗಿ ಉಳಿದಿಲ್ಲ. ಮುಂದಿನ ಚುನಾವಣೆ ನಡೆಸುವವರು ಅದನ್ನು ಮತ್ತೆ ಕೈಗೆತ್ತಿಕೊಳ್ಳಲೇಬೇಕಾಗುತ್ತದೆ.